ಪಟ್ಟಿಗೆ ಹೆತ್ತ ಮಗು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಬಸುರಿಯಾದೆ. ಹೊಟ್ಟೆಯೊಳಗಿದ್ದದ್ದು ಎರಡು ಹಳೆಯ ಲುಂಗಿ ಮತ್ತು ಒಂದು ದಿಂಬಿನ ಹತ್ತಿ. ಏಳನೆಯ ತಿಂಗಳಿಗೆ ಇನ್ನೊಂದು ಲುಂಗಿ ಸೇರಿಸಿದೆ. ಕೊಳದ ಬಳಿ ಹೆಂಗಸರು ನನ್ನನ್ನು ಕಂಡು, ಈ ವಯಸ್ಸಿಗೆ ನಾಚಿಕೆಯಾಗಲ್ವಾ ಎಂದು ಮುಖ ಗಂಟು ಹಾಕಿ ಕೇಳುತ್ತಿದ್ದರು. ಸುಳ್ಳು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ನಗಲಿಲ್ಲ. ನನ್ನ ಗಂಡ ಅಬುಲ್ ಬಶರ್ ಮಾತ್ರ ಚಹಾದಂಗಡಿಯಲ್ಲಿ ಎರಡು ತಿಂಗಳು ಎದೆಯುಬ್ಬಿಸಿಕೊಂಡು ಕೂತ. ಅವನ ಪಾಲಿಗೆ ಅದು ನಿಜವೇ ಆಗಿಬಿಟ್ಟಿತ್ತು.

ನಿಜವಾಗಿ ಬಸುರಿಯಾದವಳು ನನ್ನ ಮಗಳು ಸೆನುವಾರಾ. ಪಕ್ಕದ ಪಾಳ್ಯದ ಇಲ್ಯಾಸನ ಜೊತೆ ಮೌಲವಿ ಅವಳ ನಿಕಾಹ್ ಓದಿಸಿಯಾಗಿತ್ತು. ಅಲ್ಲಾಹನಿಗೆ ಅಷ್ಟು ಸಾಕು. ಗಡಿ ಠಾಣೆಯವರಿಗೆ ಸಾಲದು. ಬರ್ಮಾದ ಈ ಗಡಿಯಲ್ಲಿ ನಮ್ಮ ಮುಸಲ್ಮಾನರು ಮದುವೆಯಾಗಲು ಅವರ ಅಪ್ಪಣೆಯ ಕಾಗದ ಬೇಕು. ಅರ್ಜಿಯ ಪಟದಲ್ಲಿ ಗಡ್ಡ ಇರಕೂಡದೆಂದು ಇಲ್ಯಾಸ್ ಮೂರು ವರ್ಷದಲ್ಲಿ ಮೂರು ಸಲ ಗಡ್ಡ ಬೋಳಿಸಿದ. ಗಡ್ಡ ಮೂರು ಸಲವೂ ಬೆಳೆದು ಬಂತು, ಕಾಗದ ಬರಲಿಲ್ಲ. ಮಗು ಕಾಗದಕ್ಕೆ ಕಾಯುತ್ತದೆಯೇ?

ಅಪ್ಪಣೆಯಿಲ್ಲದ ಮಗು ಎಂದು ಗೊತ್ತಾದರೆ ಅಪ್ಪ ಅಮ್ಮ ಇಬ್ಬರೂ ಜೈಲಿಗೆ, ಅದೂ ವರ್ಷಗಟ್ಟಲೆ. ಮಗುವಿನ ಹೆಸರು ಮನೆಯ ಪಟ್ಟಿಗೆ ಏರುವುದಿಲ್ಲ. ಪಟ್ಟಿಯಲ್ಲಿಲ್ಲದವನಿಗೆ ಶಾಲೆಯಿಲ್ಲ, ಮದುವೆಯಿಲ್ಲ, ಊರ ಗೇಟು ದಾಟಲು ಚೀಟಿಯಿಲ್ಲ. ನಾಫ್ ನದಿ ದಾಟಿ ಆಚೆ ದೇಶಕ್ಕೆ ಓಡಿಹೋಗಬಹುದಿತ್ತು. ನನ್ನ ದೊಡ್ಡ ಮಗ ಶುಕ್ಕೂರ್ ಹಾಗೆ ಹೋದವನೇ. ಠಾಣೆಯವರು ಮನೆಮನೆಗೆ ಬಂದು ಮಾಡುವ ಮುಂದಿನ ತಲೆ ಎಣಿಕೆಯಲ್ಲಿ ನನ್ನ ಕಣ್ಣೆದುರೇ ಅವನ ಹೆಸರಿನ ಮೇಲೆ ಕೆಂಪು ಗೀಟು ಎಳೆದರು. ಇನ್ನು ಅವನು ಈ ಹೊಸಿಲು ತುಳಿಯುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಉಳಿದದ್ದು ಒಂದೇ ದಾರಿ: ಮಗುವನ್ನು ನಾನು ಹೆತ್ತೆ ಎಂದು ಬರೆಸುವುದು.

ಆದರೆ ಅವರೇನು ದಡ್ಡರೇ? ಹಿಂದಿನ ವರ್ಷ ಕೆಳಗಿನ ಊರಿನಲ್ಲಿ ಒಬ್ಬ ಅಜ್ಜಿಗೆ, ನಿನ್ನ ಮಗುವಾದರೆ ಹಾಲು ಕುಡಿಸಿ ತೋರಿಸು ಎಂದಿದ್ದರು. ಹಾಲು ಬರಲಿಲ್ಲ. ಮಗುವಿನ ಅಪ್ಪ, ಅವಳ ಮಗ, ಇನ್ನೂ ಜೈಲಿನಲ್ಲಿದ್ದಾನೆ. ಅದಕ್ಕೇ ಮೊಮ್ಮಗ ಖಾಲಿದ್ ಹುಟ್ಟಿದ ದಿನದಿಂದ ಸೆನುವಾರಾ ಕುಡಿಸುವ ಮೊದಲು ನಾನು ಅವನನ್ನು ಎದೆಗೆ ಹಾಕಿಕೊಳ್ಳುತ್ತಿದ್ದೆ. ಕರಿಜೀರಿಗೆ, ಹಸಿ ಪಪ್ಪಾಯಿ, ಸಣ್ಣ ಮೀನಿನ ಸಾರು, ಯಾರು ಏನು ಹೇಳಿದರೂ ತಿಂದೆ. ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಎದೆ ಹುಣ್ಣಾಯಿತು. ಐದನೆಯ ವಾರಕ್ಕೆ ನಾಲ್ಕು ಹನಿ ಬಂತು. ಅವತ್ತು ನಾನೂ ಮಗಳೂ ತಬ್ಬಿಕೊಂಡು ಅತ್ತೆವು.

ಎಣಿಕೆಯವರು ಬಂದದ್ದು ಮಗುವಿಗೆ ಎರಡು ತಿಂಗಳಾದಾಗ, ಬೆಳಗ್ಗೆ. ಬರುತ್ತಾರೆಂದು ಮೊದಲೇ ಗೊತ್ತಿದ್ದುದರಿಂದ ನಾವು ಆ ದಿನ ಒಂದು ಜಾಣತನ ಮಾಡಿದ್ದೆವು. ಹಸಿವಿದ್ದರೆ ಚೆನ್ನಾಗಿ ಚೀಪುತ್ತಾನೆ ಎಂದು ಬೆಳಗಿನ ಜಾವದಿಂದ ಅವನಿಗೆ ಹಾಲೇ ಕೊಟ್ಟಿರಲಿಲ್ಲ.

ಮನೆಯ ಮುಂದೆ ಸಾಲಾಗಿ ನಿಂತೆವು. ಅಧಿಕಾರಿ ಬರ್ಮಾದ ಒಳನಾಡಿನ ಹುಡುಗ, ಮೀಸೆ ಸರಿಯಾಗಿ ಮೂಡಿರಲಿಲ್ಲ. ನಮ್ಮ ಭಾಷೆಯನ್ನು ಅವನಿಗೆ ತಿಳಿಸಲು ಜೊತೆಗೆ ಬಂದವನು ಠಾಣೆಯ ಗುಮಾಸ್ತ ಸಾನ್ ಹ್ಲಾ. ಅವನು ನಮ್ಮೂರಿನ ಬೌದ್ಧ ಕೇರಿಯವನೇ, ನನಗಿಂತ ಎರಡು ವರ್ಷ ಚಿಕ್ಕವನು. ಅವನು ಕೂಸಾಗಿದ್ದಾಗ ಅವನ ತಾಯಿ ಜ್ವರ ಹಿಡಿದು ಮಲಗಿದ್ದಳು. ನನ್ನಮ್ಮ ಮೂರು ತಿಂಗಳು ಅವನಿಗೆ ಹಾಲು ಕುಡಿಸಿದಳು. ನಮ್ಮ ಧರ್ಮದ ಪ್ರಕಾರ ಅವನು ನನ್ನ ಹಾಲುತಮ್ಮ. ಅವನ ಸರ್ಕಾರದ ಪ್ರಕಾರ ನಾನು ಎಲ್ಲಿಂದಲೋ ನುಸುಳಿ ಬಂದವಳು. ನನ್ನ ಮುತ್ತಜ್ಜನ ಗೋರಿ ಅವರ ಠಾಣೆಗಿಂತ ಹಳೆಯದು, ಆದರೆ ಗೋರಿಗೆ ಸಾಕ್ಷಿ ಹೇಳಲು ಬರುತ್ತದೆಯೇ?

ಅಧಿಕಾರಿ ಹೊಸ ಹೆಸರು ನೋಡಿ ನಕ್ಕ. ನಲವತ್ತೇಳಕ್ಕೆ ಹೆತ್ತಳಂತೆ, ಈ ಜನ ಸಾಯುವವರೆಗೂ ಹೆರುತ್ತಾರೆ, ಹೆತ್ತು ಹೆತ್ತೇ ನಮ್ಮ ನೆಲ ನುಂಗುತ್ತಾರೆ ಎಂದನಂತೆ. ಸಾನ್ ಹ್ಲಾ ಅದನ್ನು ಒಂದಕ್ಷರ ಬಿಡದೆ ನಮ್ಮ ಭಾಷೆಯಲ್ಲಿ ಹೇಳಿದ. ಆಮೇಲೆ, ಹಾಲು ಕುಡಿಸಬೇಕಂತೆ ಎಂದು ನೆಲ ನೋಡುತ್ತ ಹೇಳಿದ.

ಗೋಡೆಯ ಕಡೆ ತಿರುಗುತ್ತೇನೆ ಎಂದೆ. ಬಿಡಲಿಲ್ಲ. ಗಂಡನ, ಸಿಪಾಯಿಗಳ, ನೆರೆಯವರ ಎದುರು ರವಿಕೆ ಬಿಚ್ಚಿದೆ. ಆ ಕ್ಷಣ ನನ್ನ ಮೈಗೆ ಬೆಂಕಿ ಬಿದ್ದಂತಾಯಿತು. ಇವತ್ತಿಗೂ ಆರಿಲ್ಲ. ಸಾನ್ ಹ್ಲಾ ಮುಖ ತಿರುಗಿಸಿದ.

ಖಾಲಿದ್ ಎರಡು ಸಲ ಚೀಪಿದ. ನಾಲ್ಕು ಹನಿ ಅವನ ಯಾವ ಮೂಲೆಗೆ? ಬಾಯಿ ಬಿಟ್ಟು, ಕಾಲು ಝಾಡಿಸಿ, ಊರೆಲ್ಲ ಕೇಳುವಂತೆ ಅರಚಿದ. ನಾನು ತಲೆಯೆತ್ತಿದಾಗ ಸೆನುವಾರಾಳ ರವಿಕೆಯ ಮೇಲೆ ಎರಡು ಒದ್ದೆ ಕಲೆಗಳು ಮೂಡುತ್ತಿದ್ದವು. ಒಳಗೆ ಬಿಗಿದಿದ್ದ ಬಟ್ಟೆಯನ್ನೂ ದಾಟಿ ಹಾಲು ಹರಿದು ಬರುತ್ತಿತ್ತು. ಕೂಸು ಅತ್ತರೆ ತಾಯಿಯ ಎದೆ ಯಾವ ಸರ್ಕಾರದ ಮಾತು ಕೇಳುತ್ತದೆ? ಹಸಿವಿನಿಂದ ಅಳಿಸಿದವರು ನಾವೇ. ನಮ್ಮ ಜಾಣತನವೇ ನಮ್ಮ ಕುತ್ತಿಗೆಗೆ ಬಂದಿತ್ತು.

ಅಧಿಕಾರಿಯ ಕಣ್ಣು ಮಗುವಿನ ಗಂಟಲ ಮೇಲಿತ್ತು. ಸಾನ್ ಹ್ಲಾನ ಕಣ್ಣು ನನ್ನ ಮಗಳ ಎದೆಯ ಮೇಲಿತ್ತು.

"ಏಯ್ ದಡ್ಡಿ," ಎಂದು ಸಾನ್ ಹ್ಲಾ ಅವಳನ್ನು ಗದರಿದ. "ಮರದ ಬೊಂಬೆ ಥರ ನಿಂತಿದೀಯಲ್ಲ. ಸಾಹೇಬ್ರಿಗೆ ನೀರು ತಂದ್ಕೊಡೋದು ಗೊತ್ತಾಗಲ್ವಾ? ಹೋಗು."

ಸೆನುವಾರಾ ಓಡಿದಳು. ಬರುವಾಗ ತಲೆಯಿಂದ ಕಾಲಿನವರೆಗೆ ನೆನೆದಿದ್ದಳು. ಕೊಡ ಜಾರಿ ಮೈಮೇಲೆ ಬಿತ್ತು ಎಂದಳು. ಅಧಿಕಾರಿ ಹೊಟ್ಟೆ ಹಿಡಿದು ನಕ್ಕ. ಅಷ್ಟರಲ್ಲಿ ಖಾಲಿದ್ ಅತ್ತು ಸುಸ್ತಾಗಿ ಮತ್ತೆ ನನ್ನ ಎದೆ ಹಿಡಿದಿದ್ದ, ತುಟಿಯ ತುದಿಯಲ್ಲಿ ಒಂದು ಹನಿ ಕಾಣುತ್ತಿತ್ತು. ಅಧಿಕಾರಿ ಪಟ್ಟಿಯಲ್ಲಿ ಬರೆದ: ಖಾಲಿದ್, ಗಂಡು, ತಾಯಿ ಗುಲ್‌ಬಹಾರ್.

ಮಧ್ಯಾಹ್ನ ಸಾನ್ ಹ್ಲಾ ಒಬ್ಬನೇ ಬಂದ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮರೆತೆ ಎಂದು ನೆಪ ಹೇಳಿದ. ಕೂರು ಎಂದರೂ ಕೂರಲಿಲ್ಲ.

"ಬುಬು," ಎಂದ. ಅಕ್ಕ ಎಂದು ಕರೆಯುವ ನಮ್ಮ ಮಾತು ಅದು. ಹದಿನೈದು ವರ್ಷಗಳಿಂದ ಅವನ ಬಾಯಲ್ಲಿ ಕೇಳಿರಲಿಲ್ಲ. "ಯಾರೋ ದೂರು ಕೊಟ್ಟವ್ರೆ. ಎಂಟು ದಿನಕ್ಕೆ ಪಟ ತೆಗೆಯೋರು ಬರ್ತಾರೆ, ಜೊತೇಲಿ ಒಬ್ಳು ನರ್ಸು. ಮದ್ವೆಯಾಗದ ಹುಡುಗೀರನ್ನ ಒಳಗೆ ಕರ್ಕೊಂಡೋಗಿ ನೋಡ್ತಾಳೆ. ಅಷ್ಟರಲ್ಲಿ ನಿನ್ನ ಮಗಳ ಹಾಲು ಬತ್ತಿರಬೇಕು."

ನನಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ನಾವು ಏನು ಮಾಡಿದ್ವೋ? ನನ್ನಮ್ಮನ ಹಾಲು ಕುಡಿದೋನು ನೀನು."

"ಅದಕ್ಕೇ ಬಂದಿದ್ದು," ಎಂದ. "ಜಪಾನಿನೋರ ಯುದ್ಧದಾಗೆ ನಿಮ್ಮೋರು ನಮ್ಮ ತಾತನ್ನ ಕಡಿದ್ರು. ನಮ್ಮೋರು ನಿಮ್ಮ ಚಿಕ್ಕಜ್ಜನ್ನ ಸುಟ್ರು. ಈಗ ನಮ್ಮ ಹುಡುಗ್ರು ಊರು ಬಿಟ್ಟು ಹೋಗ್ತಾರೆ, ನಿಮ್ಮ ಮನೇಲಿ ತೊಟ್ಲು ತೂಗ್ತಾನೇ ಇರುತ್ತೆ. ಭಯ ಆಗುತ್ತೆ ಬುಬು. ರಾಜಧಾನಿಯೋರಿಗೆ ನಮ್ಮ ಮೇಲೂ ನಂಬಿಕೆ ಇಲ್ಲ, ನಮ್ಮಿಬ್ರ ಭಯಾನೂ ಅವ್ರಿಗೆ ಅನ್ನ."

ನಮ್ಮ ಹತ್ತು ಎಕರೆ ಗದ್ದೆ ಕಿತ್ತುಕೊಂಡು ಬೌದ್ಧರಿಗೆ ಮನೆ ಕಟ್ಟಿಸಿಕೊಟ್ಟದ್ದೂ ಭಯಕ್ಕೇನಾ ಎಂದು ಕೇಳಿದೆ. ಅವನು ಹೆಬ್ಬೆಟ್ಟಿನ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡ.

"ಒಂದ್ಸಲ ಕುರುಡನಾದೆ. ಇನ್ನೊಂದ್ಸಲ ಆಗಲ್ಲ. ನನ್ನ ಮಗನೂ ಅದೇ ಠಾಣೇಲಿ ಕೆಲ್ಸಕ್ಕೆ ಸೇರವ್ನೆ," ಎಂದು ಹೇಳಿ ಹೊರಟ.

ಅವತ್ತೇ ಶುರು ಮಾಡಿದೆ. ಮಲ್ಲಿಗೆ ಹೂವಿಗೆ ಹಾಲು ಬತ್ತಿಸುವ ಗುಣವಿದೆ. ನಿಕಾಹ್ ದಿನ ಗುಟ್ಟಾಗಿರಲೆಂದು ಒಂದು ಹೂವನ್ನೂ ಮುಡಿಸದ ಮಗಳಿಗೆ ಬೊಗಸೆಗಟ್ಟಲೆ ಮಲ್ಲಿಗೆ ತಂದು ಎದೆಗೆ ಕಟ್ಟಿದೆ, ಮೇಲೆ ಬಟ್ಟೆ ಬಿಗಿದೆ. ಎರಡನೆಯ ದಿನ ಎದೆ ಕಲ್ಲಾಯಿತು, ಜ್ವರ ಬಂತು. ಮಗುವಿಗೆ ಅನ್ನದ ಗಂಜಿಯ ತಿಳಿ, ಆಮೇಲೆ ನನ್ನ ನಾಲ್ಕು ಹನಿ. ಅವನಿಗೆ ಅದು ಸಾಲದು. ಅವನು ಅತ್ತರೆ ಅವಳಿಗೆ ಹಾಲು ಇಳಿಯುತ್ತದೆ. ಹಾಗಾಗಿ ಅವನ ಅಳು ಅವಳಿಗೆ ಕೇಳಿಸಬಾರದು. ಅವನು ಬಾಯಿ ತೆರೆದ ಕೂಡಲೇ ಎತ್ತಿಕೊಂಡು ಕೊಳದಾಚೆ ನಡೆಯುತ್ತಿದ್ದೆ. ಅಲ್ಲಿಂದಲೂ ಕೇಳಿಸುತ್ತದೆ ಎಂದಳು ಸೆನುವಾರಾ. ಊರ ಗೇಟಿನವರೆಗೂ ಹೋದೆ. ಅದರಾಚೆಗೆ ಹೋಗಲು ಚೀಟಿ ಬೇಕು. ಗೇಟಿಗೆ ಬೆನ್ನು ಕೊಟ್ಟು ನಿಂತು, ಅವನ ಬಾಯಿಗೆ ಬೆರಳು ಕೊಟ್ಟು, ಸುಮ್ಮನಿರು ನನ್ನಪ್ಪಾ ಎಂದು ಬೇಡಿಕೊಂಡೆ.

ಮನೆಗೆ ಬಂದು, ಮಲಗಿದ್ದ, ಅಳಲೇ ಇಲ್ಲ ಎನ್ನುತ್ತಿದ್ದೆ. ಸೆನುವಾರಾ ಒದ್ದೆ ಬಟ್ಟೆ ಬಿಚ್ಚಿ ಬೇರೆ ಕಟ್ಟಿಕೊಳ್ಳುತ್ತಿದ್ದಳು. ಮೊದಮೊದಲು ಮಗುವಿಗೆ ಕೈ ಚಾಚುತ್ತಿದ್ದಳು. ಕೊಡುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನಾನೇ ಈ ಕೆಲಸ ಮಾಡಬೇಕಾಯಿತಲ್ಲ ಎಂದು ಒಲೆಯ ಮುಂದೆ ಕೂತು ಹಣೆ ಚಚ್ಚಿಕೊಂಡೆ.

ಏಳನೆಯ ದಿನ ಪರೀಕ್ಷೆ ಮಾಡಲೇಬೇಕಿತ್ತು. ಖಾಲಿದ್‌ನನ್ನು ಅವಳೆದುರು ಚಾಪೆಯ ಮೇಲೆ ಮಲಗಿಸಿ ದೂರ ಸರಿದೆ. ಅವನು ಅತ್ತ, ಮುಖ ಕೆಂಪಗಾಗುವಷ್ಟು ಅತ್ತ. ನಾವಿಬ್ಬರೂ ಅವನನ್ನು ನೋಡಲಿಲ್ಲ, ಅವಳ ರವಿಕೆಯನ್ನೇ ನೋಡುತ್ತ ಕೂತೆವು. ಬಹಳ ಹೊತ್ತಾಯಿತು. ಒಂದು ಹನಿಯೂ ಬರಲಿಲ್ಲ.

ಅಲ್ಹಮ್ದುಲಿಲ್ಲಾಹ್ ಎಂದೆ. ಅಂದ ಮೇಲೆ ನನ್ನ ನಾಲಿಗೆಯೇ ನನಗೆ ಹೇಸಿಗೆಯಾಯಿತು.

ಸೆನುವಾರಾ ಕೈ ಚಾಚಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು.

"ಎತ್ಕೋ ಮಾ," ಎಂದಳು. "ನಿನ್ನ ಮಗ ಅಳ್ತಿದಾನೆ."