ಒಂದೇ ಅಡ್ಡಹೆಸರಿನ ಕ್ಯಾಬಿನ್

“ಅಕ್ಕೋರ, ಆ ಎಸಿ ಒಂಚೂರು ಕಡಿಮಿ ಮಾಡ್ರಿ ಅಂತ ಹೇಳ್ರಿ ಅವರಿಗೆ,” ಎಂದರು ಪ್ರೇಮವ್ವ.

‘ಅವರು’ ಅಂದರೆ ಜಯವ್ವ. ಎಸಿಯ ಗುಂಡಿಯ ಪಕ್ಕದಲ್ಲೇ ನಿಂತಿದ್ದರು. ಇಬ್ಬರ ನಡುವೆ ಮೂರು ಮೊಳದ ಅಂತರವೂ ಇರಲಿಲ್ಲ. ನಾನು ಹಾಸಿಗೆಯ ಮೇಲೆ ಕುಳಿತು ಚಪ್ಪಲಿ ಬಿಚ್ಚುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಜಯವ್ವ ಗುಂಡಿ ತಿರುಗಿಸಿ, “ಅಕ್ಕೋರ, ಕಡಿಮಿ ಮಾಡೇನಿ ಅಂತ ಹೇಳ್ರಿ,” ಎಂದರು.

ಹಡಗು ಇನ್ನೂ ಮುಂಬೈ ಬಂದರನ್ನು ಬಿಟ್ಟಿರಲಿಲ್ಲ. ಲಕ್ಷದ್ವೀಪಕ್ಕೆ ಹೋಗಿ ಬರಲು ನಾಲ್ಕು ರಾತ್ರಿ. ಅಷ್ಟೂ ದಿನ ನಾವು ಮೂವರೂ ಈ ಕೋಣೆಯಲ್ಲೇ ಇರಬೇಕಿತ್ತು. ಎರಡು ಹಾಸಿಗೆ, ರಾತ್ರಿ ಬಿಡಿಸಿಕೊಳ್ಳುವ ಒಂದು ಸೋಫಾ, ಗುಂಡನೆಯ ಒಂದು ಕಿಟಕಿ, ಒಬ್ಬರು ತಿರುಗಿದರೆ ಮೊಣಕೈ ಗೋಡೆಗೆ ತಾಗುವ ಬಚ್ಚಲು.

ತಪ್ಪು ರುದ್ರಮುನಿಯದು. ಹಾವೇರಿಯಿಂದ ಕಾಶಿಗೆ, ಶಿರಡಿಗೆ ಬಸ್ಸು ಹೊರಡಿಸುವ ಆತ ಈ ಸಲ ಹಡಗಿನ ಪ್ರವಾಸ ಇಟ್ಟಿದ್ದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೇರಿ ಮೂವತ್ತೆಂಟು ಜನ ಆಗಿದ್ದೆವು. ಪಟ್ಟಿಯಲ್ಲಿ ಜಯವ್ವ ಮೆಣಸಿನಕಾಯಿ, ಪ್ರೇಮವ್ವ ಮೆಣಸಿನಕಾಯಿ ಎಂದು ಎರಡು ಹೆಸರು ಕಂಡು, ಒಂದೇ ಮನೆಯವರು, ಕೂಡಿ ಇರಲಿ ಎಂದು ಒಂದೇ ಕ್ಯಾಬಿನ್ನಿಗೆ ಬರೆದುಬಿಟ್ಟಿದ್ದ. ಒಬ್ಬಳೇ ಬಂದ ನನ್ನನ್ನು ಅವರ ಜೊತೆ ಸೇರಿಸಿದ್ದ. ಒಂದೇ ಮನೆಯವರೆಂಬುದು ಸುಳ್ಳಲ್ಲ. ಇಬ್ಬರೂ ಅಣ್ಣತಮ್ಮಂದಿರ ಹೆಂಡಂದಿರು, ನೆಗೆಣ್ಣಿಯರು. ಹಿರಿಯ ಸೊಸೆ ಜಯವ್ವನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ಮಗ ಮನೋಹರ ನೋಡಿಕೊಳ್ಳುತ್ತಾನೆ. ಕಿರಿಯ ಸೊಸೆ ಪ್ರೇಮವ್ವನ ಮಗ ಚೇತನಕುಮಾರ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಹಾಕಿದ್ದಾನೆ. ಹನ್ನೊಂದು ವರ್ಷದಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ ಎಂಬುದು ಮಾತ್ರ ರುದ್ರಮುನಿಗೆ ಗೊತ್ತಿರಲಿಲ್ಲ.

ಕ್ಯಾಬಿನ್ ಬದಲಿಸಲು ಆಗುತ್ತದೆಯೇ ಎಂದು ಆತನನ್ನು ಕೇಳಿದೆ. “ಹಡಗ ತುಂಬೈತ್ರಿ ಅಕ್ಕೋರ. ಮೂವತ್ತು ವರ್ಷ ಹೈಸ್ಕೂಲ್ ಹುಡಿಗ್ಯಾರನ್ನ ಸಂಭಾಳಿಸೀರಿ, ಇವರಿಬ್ಬರು ನಿಮಗೇನು ದೊಡ್ಡದು,” ಎಂದು ನಕ್ಕು ಬೇರೆ ಕೆಲಸಕ್ಕೆ ಹೋದ.

ಹಾಗೆ ನಾನು ಅಂಚೆಯವಳಾದೆ. ಊಟದ ಮೇಜಿನಲ್ಲಿ, ಉಪ್ಪಿನ ಡಬ್ಬಿ ಈ ಕಡೆ ಬರ್ತೈತೇನು ಕೇಳ್ರಿ ಎಂದು ಒಬ್ಬರು. ತಗೋಳಾಕ ಹೇಳ್ರಿ ಎಂದು ಇನ್ನೊಬ್ಬರು. ಅದೇ ಮೇಜಿನಲ್ಲಿ ನಮ್ಮೊಂದಿಗೆ ರಾಜಕೋಟದ ಒಬ್ಬ ಅಜ್ಜಿ ಕೂರುತ್ತಿದ್ದರು. ಎರಡು ಹೊತ್ತು ನೋಡಿ, ಇವರಿಬ್ಬರ ಭಾಷೆ ಬೇರೆ ಬೇರೆಯೇ ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ಭಾಷೆ ಒಂದೇ, ಮನೆಯೂ ಒಂದೇ ಎಂದೆ. ಆಕೆ ಸ್ವಲ್ಪ ಯೋಚಿಸಿ, ನಮ್ಮಲ್ಲೂ ಇದ್ದಾರೆ ಎಂದರು. ಅಂದಿನಿಂದ ಉಪ್ಪಿನ ಡಬ್ಬಿಯನ್ನು ಆಕೆಯೇ ಇಬ್ಬರ ಸರಿಮಧ್ಯಕ್ಕೆ ಸರಿಸಿಡುತ್ತಿದ್ದರು.

ಎರಡನೆಯ ದಿನ ಬೆಳಿಗ್ಗೆ ಪ್ರೇಮವ್ವ ನನ್ನನ್ನು ಮೇಲಿನ ಡೆಕ್ಕಿಗೆ ಕರೆದರು. ಆರು ಗಂಟೆಗೇ ಹೋಗಿ ಎರಡು ಕುರ್ಚಿಗಳ ಮೇಲೆ ಟವೆಲ್ ಹಾಸಿ ಬಂದಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ ರೂಢಿ. ನಾವು ಹೋಗುವಷ್ಟರಲ್ಲಿ ಹಡಗಿನ ಕೆಲಸದವಳೊಬ್ಬಳು ಎರಡನ್ನೂ ನೀಟಾಗಿ ಮಡಚಿ ಬುಟ್ಟಿಯಲ್ಲಿಟ್ಟಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಸಾಜಿಯಾ ಎಂದಿತ್ತು. ನಮ್ಮ ಮಾತು ಕೇಳಿ, “ಹಂಗ ಕುರ್ಚಿ ಹಿಡಿಯಾಂಗಿಲ್ರಿ ಅವ್ವಾರ, ರೂಲ್ಸ್ ಐತಿ. ಆದ್ರ ಕುಂದ್ರಿ, ಈಗ ಖಾಲಿ ಅದಾವ,” ಎಂದಳು. ಹುಬ್ಬಳ್ಳಿಯವಳಂತೆ. ನಮಗಾಗಿ ಕುರ್ಚಿಗಳನ್ನು ನೆರಳಿಗೆ ಎಳೆದು ಹೋದಳು.

ಪ್ರೇಮವ್ವ ತಮ್ಮ ಚೀಲ ತೆರೆದು ಅರಿಷಿಣ ಹಚ್ಚಿದ ಒಂದು ಲಗ್ನಪತ್ರಿಕೆ ತೋರಿಸಿದರು. ಮಗಳು ಭುವನಾಳ ಮದುವೆ, ಬರುವ ತಿಂಗಳು.

“ಐನೂರು ಕಾರ್ಡು ಮನ್ಯಾಗ ಅದಾವ್ರಿ. ಒಂದೂ ಹಂಚಿಲ್ಲ. ಮೊದಲ ಮನಿ ಹಿರೇ ಸೊಸಿಗೆ ಕುಂಕುಮ ಹಚ್ಚಿ ಕರೀಬೇಕು. ಆಮ್ಯಾಲೆ ಉಳದ ಮಂದಿ. ಈಕಿ ಹಡಗಕ್ಕ ಹೊಂಟಾಳ ಅಂತ ಗೊತ್ತಾದ ಮ್ಯಾಲ ನಾನೂ ಹೆಸರು ಹಚ್ಚಿದ್ನಿ.”

“ಬ್ಯಾಡಗಿಗೆ ಹೋಗಿ ಕರೀಬಹುದಿತ್ತಲ್ರಿ?”

“ಬಾಗಲಾ ತಗೀಲಿಲ್ಲಂದ್ರ? ಓಣಿ ಎಲ್ಲಾ ನೋಡ್ತೈತಿ. ಇಲ್ಲಿ ಆಕಿ ಎಲ್ಲಿಗೆ ಎದ್ದು ಹೋಗ್ತಾಳ್ರಿ, ಸುತ್ತ ನೀರು.”

ಆಮೇಲೆ ಜಗಳದ ಮೂಲ ಹೇಳಿದರು. ಹನ್ನೊಂದು ವರ್ಷದ ಹಿಂದೆ ಚೇತನಕುಮಾರನ ಮದುವೆ. ಜಯವ್ವನ ಗಂಡ ತೀರಿಕೊಂಡು ಆಗ ಎಂಟು ತಿಂಗಳು. ಕುಂಕುಮದ ತಾಟು ಹಿಡಿದು ಹೆಂಗಸರ ಸಾಲಿನಲ್ಲಿ ಬರುತ್ತಿದ್ದ ಪ್ರೇಮವ್ವ, ಜಯವ್ವನ ಮುಂದೆ ನಿಲ್ಲದೆ ಪಕ್ಕದವರಿಗೆ ಹಚ್ಚಿದರು. ಜಯವ್ವ ಪಂಕ್ತಿಯಲ್ಲಿ ಎಲೆ ಹಾಕಿದ್ದರೂ ಎದ್ದು ಬ್ಯಾಡಗಿಯ ಬಸ್ಸು ಹತ್ತಿದರು.

“ಎಲ್ಲಾರೂ ಹಂಗ ಮಾಡ್ತಿದ್ರು, ನಾನೂ ಮಾಡಿದ್ನಿ. ಬೇಕಂತ ಅಲ್ರಿ ಅಕ್ಕೋರ. ಕೈ ತಾನ ಮುಂದ ಹೋತು.” ಪ್ರೇಮವ್ವ ಸಮುದ್ರ ನೋಡುತ್ತ ಹೇಳಿದರು. “ಭುವನಾ ಆಕಿ ತೊಡಿ ಮ್ಯಾಲ ಬೆಳದ ಹುಡಿಗಿ. ದೊಡ್ಡವ್ವ ಬರಲಿಲ್ಲಂದ್ರ ನಾ ಅರಿಷಿಣಕ್ಕ ಕುಂದ್ರಾಂಗಿಲ್ಲ ಅಂತ ಕುಂತಾಳ. ನೀವ ಒಂದ ಮಾತು ಜಯಕ್ಕನ ಕಿವಿಗೆ ಹಾಕ್ರಿ. ಆಕಿ ಹೂಂ ಅಂದ್ರ ನಾ ಕುಂಕುಮ ತರ್ತೇನಿ.”

ನೋಡೋಣ ಎಂದೆ. ಉಪ್ಪಿನ ಡಬ್ಬಿಯ ಮಾತನ್ನು ದಾಟಿಸಿದ ಹಾಗೆ ಇದನ್ನೂ ದಾಟಿಸಬಹುದು ಎಂದು ನನಗೂ ಅನ್ನಿಸಿತ್ತು.

ಜಯವ್ವ ಕಠಿಣ ಮನಸ್ಸಿನವರಲ್ಲ ಎಂಬುದನ್ನು ಮೊದಲ ದಿನವೇ ಕಂಡಿದ್ದೆ. ಮೆತ್ತಗಿನ ಹಾಸಿಗೆಯಲ್ಲಿ ತಮಗೆ ನಿದ್ದೆ ಹತ್ತುವುದಿಲ್ಲ ಎಂದು ಹೇಳಿ ಅವರು ತಾವಾಗಿ ಸೋಫಾ ಆರಿಸಿಕೊಂಡಿದ್ದರು. ಅದೇ ಜಯವ್ವ ಮಧ್ಯಾಹ್ನ ನನ್ನ ಹಾಸಿಗೆಯ ಮೇಲೆ ಮಲಗಿ ಗೊರಕೆ ಹೊಡೆದರು. ಪ್ರೇಮವ್ವನ ಮೊಣಕಾಲು ನೋವು. ತಗ್ಗಿನ ಸೋಫಾದಿಂದ ಏಳಲು ಅವರಿಗೆ ಆಗುತ್ತಿರಲಿಲ್ಲ.

ಮೂರನೆಯ ದಿನ ದ್ವೀಪ ಬಂತು. ದೊಡ್ಡ ಹಡಗು ದೂರದಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ದೋಣಿ ಮೇಲೆ ಕೆಳಗೆ ಆಡುತ್ತಿತ್ತು. ಪ್ರೇಮವ್ವ ಕಾಲು ಮುಂದಿಟ್ಟು ಹಿಂದೆ ತೆಗೆದರು. ಆಗಲೇ ದೋಣಿಯಲ್ಲಿ ಕುಳಿತಿದ್ದ ಜಯವ್ವ ಎದ್ದು, ದೋಣಿಯವನಿಗೆ, “ಏ ತಮ್ಮಾ, ಆಕಿ ಎಡಗಾಲು ನೋವೈತಿ, ಬಲಗಾಲು ಮೊದಲ ಇಡಸು,” ಎಂದರು. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಪ್ರೇಮವ್ವನಿಗೆ ತಿಳಿಯಿತು, ಬಲಗಾಲು ಮೊದಲಿಟ್ಟರು.

ದಡದಲ್ಲಿ ತೆಂಗಿನ ನೆರಳಿಗೆ ಕುಳಿತಾಗ, ಇದೇ ಸಮಯವೆಂದು ಜಯವ್ವನ ಹತ್ತಿರ ಮಾತು ತೆಗೆದೆ. ಪ್ರೇಮವ್ವ ಅಷ್ಟು ದೂರದಲ್ಲಿ ನೀರಿಗೆ ಕಾಲು ಇಳಿಬಿಟ್ಟು, ಬೆನ್ನು ನಮ್ಮತ್ತ ಮಾಡಿ ಕುಳಿತಿದ್ದರು.

“ಭುವನಾಳ ಲಗ್ನ ಗೊತ್ತಾಗೇತಿ,” ಎಂದೆ.

“ಗೊತ್ತೈತಿ ನನಗ.”

“ಪ್ರೇಮವ್ವಾರು ನಿಮಗ ಒಂದ ಮಾತು ಹೇಳ್ರಿ ಅಂದಾರ…”

ಜಯವ್ವ ಕೈ ಎತ್ತಿ ನನ್ನನ್ನು ತಡೆದರು. “ಅಕ್ಕೋರ, ಎಸಿ ಕಡಿಮಿ ಮಾಡಂದ್ರಿ, ಮಾಡಿದ್ನಿ. ಉಪ್ಪು ಕೊಡಂದ್ರಿ, ಕೊಟ್ನಿ. ಇದು ಆ ಮಾತಲ್ಲ. ಅವತ್ತ ತಾಟು ಹಿಡದ ಬಂದಾಕಿ ನೀವಲ್ಲ. ನೀವ ಯಾಕ ಹೇಳ್ತೀರಿ?”

ಅವರು ತಮ್ಮ ಎಳನೀರಿನ ತೆಳು ಗಂಜಿಯನ್ನು ಕೆರೆದು ಅರ್ಧ ನನ್ನ ಕೈಗೆ ಹಾಕಿದರು. “ತಿನ್ನರಿ. ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ಲ.”

ಇಷ್ಟು ವರ್ಷ ಶಾಲೆಯಲ್ಲಿ ಹುಡುಗಿಯರ ರಾಜಿ ಮಾಡಿಸುವಾಗ ನಾನು ಒಬ್ಬಳ ಮಾತನ್ನು ಇನ್ನೊಬ್ಬಳಿಗೆ ಸಿಹಿ ಮಾಡಿ ಹೇಳುತ್ತಿದ್ದೆ. ಅದು ಒಳ್ಳೆಯ ಕೆಲಸ ಎಂದೇ ತಿಳಿದಿದ್ದೆ. ಅವತ್ತು ಅನ್ನಿಸಿತು: ಅವರಲ್ಲಿ ಎಷ್ಟು ಜನ ತಾವೇ ಹೇಳಬೇಕಾದ ಮಾತನ್ನು ನನ್ನಿಂದಾಗಿ ಹೇಳದೆ ಉಳಿದರೋ.

ಸಂಜೆ ಹಡಗಿಗೆ ಮರಳಿದ ಮೇಲೆ ಪ್ರೇಮವ್ವ ನನ್ನ ಮುಖ ನೋಡಿದರು. ನಾನು ಇದ್ದದ್ದನ್ನೇ ಹೇಳಿದೆ. “ಇದನ್ನ ನಾ ಮುಟ್ಟಿಸಾಕ ಬರೂದಿಲ್ರಿ. ನಾ ಹೇಳಿದ್ರ ಅದು ಸುದ್ದಿ ಆಗತೈತಿ, ಕರ್ಯೂದು ಆಗೂದಿಲ್ಲ.”

“ಅಂದ್ರ ನಿಮ್ಮಿಂದ ಇಷ್ಟೂ ಆಗಲಿಲ್ಲ,” ಎಂದರು. ಬಳಿಕ ನನ್ನ ಜೊತೆಯೂ ಮಾತು ಬಿಟ್ಟರು.

ನಾಲ್ಕನೆಯ ದಿನವೆಲ್ಲ ಸಮುದ್ರದ ಮೇಲೆಯೇ. ಆ ಸಣ್ಣ ಕೋಣೆಯಲ್ಲಿ ಮೂವರು ಹೆಂಗಸರು, ಒಂದು ಮಾತಿಲ್ಲ. ಬಚ್ಚಲು ಖಾಲಿ ಇದೆಯೇ ಎಂದು ಕೇಳುವವರಿಲ್ಲದೆ ಬಾಗಿಲು ತಟ್ಟುವುದಷ್ಟೇ ಉಳಿಯಿತು. ಹೊರಗೆ ಡೆಕ್ಕಿನಲ್ಲಿ ಹಾಡು, ತಂಬೋಲ, ಗುಂಪು ಗುಂಪಾಗಿ ಫೋಟೋ. ಪ್ರೇಮವ್ವ ಮಧ್ಯಾಹ್ನ ಒಬ್ಬರೇ ಎದ್ದು ಹೋದರು. ಎರಡು ತಾಸು ಬರಲಿಲ್ಲ. ನೋಡಿಕೊಂಡು ಬರಲೇ ಎಂದು ನಾನು ಏಳುವಷ್ಟರಲ್ಲಿ ಜಯವ್ವ ಗೋಡೆಯ ಕಡೆ ತಿರುಗಿ ಮಲಗಿಯೇ, “ಲಿಫ್ಟಿನ ಹತ್ರ ಕುರ್ಚಿ ಮ್ಯಾಲ ಕುಂತಾಳ, ಈಗ ನೋಡಿ ಬಂದೇನಿ,” ಎಂದರು.

ಕೊನೆಯ ಬೆಳಿಗ್ಗೆ ಎಲ್ಲರಿಗೂ ಅವಸರ. ಚೀಲಗಳನ್ನು ಹಿಂದಿನ ದಿನವೇ ಬಾಗಿಲ ಹೊರಗಿಟ್ಟಾಗಿತ್ತು. ತಿಂಡಿಯ ಹಾಲ್ ಕಿಕ್ಕಿರಿದಿತ್ತು. ಊರವರೆಲ್ಲ ಎರಡು ಉದ್ದನೆಯ ಮೇಜು ಸೇರಿಸಿಕೊಂಡು ಕುಳಿತಿದ್ದೆವು. ಕಿಟಕಿಯಾಚೆ ಮುಂಬೈಯ ಕಟ್ಟಡಗಳು ಮಸುಕಾಗಿ ಕಾಣತೊಡಗಿದ್ದವು. ಒಬ್ಬೊಬ್ಬರ ಫೋನೂ ನೆಟ್‌ವರ್ಕ್ ಸಿಕ್ಕು ಸದ್ದು ಮಾಡುತ್ತಿತ್ತು. ಪ್ರೇಮವ್ವನ ಕುರ್ಚಿ ಖಾಲಿಯಿತ್ತು.

ಅವರು ಅಡುಗೆಮನೆಯ ಬಾಗಿಲ ಕಡೆಯಿಂದ ಬಂದರು. ಕೈಯಲ್ಲಿ ಹಡಗಿನದೇ ಒಂದು ಬಿಳಿ ತಟ್ಟೆ. ಅದರಲ್ಲಿ ಕುಂಕುಮದ ಭರಣಿ, ಒಂದು ಹಿಡಿ ಅಕ್ಕಿ, ಎರಡು ಬಾಳೆಹಣ್ಣು, ಲಗ್ನಪತ್ರಿಕೆ. ಹಿಂದೆ ಸಾಜಿಯಾ ನಿಂತಿದ್ದಳು. ಅಕ್ಕಿ ಆಕೆಯೇ ಕೇಳಿ ತಂದುಕೊಟ್ಟಿದ್ದಳಂತೆ. ಮೇಜಿನ ತುದಿಯಲ್ಲಿದ್ದ ರುದ್ರಮುನಿಯ ಹೆಂಡತಿ ಅಂಜಲಿ, ತನಗೇ ಬಂತೆಂದು ಸೆರಗು ಸರಿಮಾಡಿಕೊಂಡಳು. ಪ್ರೇಮವ್ವ ಅವಳನ್ನು ದಾಟಿದರು. ಇಪ್ಪತ್ತು ಕುರ್ಚಿ ದಾಟಿ, ಕುಂಟುತ್ತ, ಜಯವ್ವನ ಮುಂದೆ ಬಂದು ನಿಂತರು.

“ಯಕ್ಕಾ,” ಎಂದರು. ತಟ್ಟೆ ನಡುಗಿ ಬಾಳೆಹಣ್ಣು ಒಂದು ಬದಿಗೆ ಜಾರಿತು.

ಜಯವ್ವ ತಟ್ಟೆಯನ್ನು ನೋಡಿದರು. ಪ್ರೇಮವ್ವನ ಮುಖ ನೋಡಿದರು. ನಾನು ನನ್ನ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ, ಎಲ್ಲಿ ನಡುವೆ ಬಾಯಿ ಹಾಕುತ್ತೇನೋ ಎಂದು.

“ಹಚ್ಚೂದಿದ್ರ ಲಗೂ ಹಚ್ಚು,” ಎಂದರು ಜಯವ್ವ. “ಕೈ ನಡಗಾಕತ್ತೈತಿ ನಿಂದು. ತಾಟು ಒಡದು ಗಿಡದೀ.”

ಅವರು ಮುಖವನ್ನು ಒಂದಿಷ್ಟು ಮುಂದೆ ತಂದರು. ಪ್ರೇಮವ್ವ ಕುಂಕುಮ ಹಚ್ಚಿದರು. ಬೊಟ್ಟು ನೆಟ್ಟಗೆ ಬರಲಿಲ್ಲ, ಎಡಹುಬ್ಬಿನ ಮೇಲಕ್ಕೆ ಸರಿದಿತ್ತು.

“ಅವತ್ತ ತಪ್ಪಾತು ಯಕ್ಕಾ. ಭುವನಾಗ ಅರಿಷಿಣ ಮೊದಲ ನೀ ಹಚ್ಚಬೇಕು.”

“ಮಂದಿ ಏನಂತಾರ?”

“ಇಲ್ಲೇ ಕುಂತಾರಲ್ಲ ಮಂದಿ. ಅನ್ನೂದಿದ್ರ ಅನ್ಲಿ.”

ಮಂದಿ ಏನೂ ಅನ್ನಲಿಲ್ಲ. ಅಂಜಲಿ ತಲೆ ತಗ್ಗಿಸಿ ಇಡ್ಲಿ ಮುರಿದಳು.

ಜಯವ್ವ ಅರಿಷಿಣದ ಮಾತಿಗೆ ಹೂಂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಚಷ್ಮಾ ಹಾಕಿಕೊಂಡು ಪತ್ರಿಕೆ ತೆರೆದರು. ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೆ ಮೇಲಕ್ಕೆ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ಯಾರು ಗೊತ್ತು ಮಾಡಿದವರು?”

“ಚೇತನ. ಯಾಕ?”

“ಗುರುವಾರ ಇಟ್ಟೀರಲ್ಲ. ಮುಹೂರ್ತ ಹನ್ನೆರಡೂವರಿ. ಬ್ಯಾಡಗಿ ಪ್ಯಾಟಿ ಸೋಮವಾರ, ಗುರುವಾರ. ಸೀಜನ್‌ದಾಗ ಆ ಹೊತ್ತಿನಾಗ ಚೀಲ ಬಿಟ್ಟು ಯಾವ ದಲಾಲಿ ಬರ್ತಾನ ನಿನ್ನ ಮಗಳ ಲಗ್ನಕ್ಕ? ಅರ್ಧಾ ಬಳಗಾನ ಬರೂದಿಲ್ಲ.”

ಪ್ರೇಮವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಬೀಜದ ಅಂಗಡಿ ಹಾಕಿ ಪ್ಯಾಟಿ ದಿನಾನ ಮರತೇವಿ ಯಕ್ಕಾ.”

“ಹಿರ್ಯಾರನ್ನ ಕೇಳದ ಮಾಡಿದ್ರ ಇನ್ನೇನ ಆಗತೈತಿ. ಕುಂದ್ರು ಮೊದಲ, ಆ ಕಾಲು ಹಿಡ್ಕೊಂಡು ನಿಂತೀದಿ.” ಜಯವ್ವ ಪಕ್ಕದ ಕುರ್ಚಿ ಎಳೆದರು. “ಕಾರ್ಡು ಹಂಚಿಲ್ಲ ಹೌದಲ್ಲ? ಫೋನ್ ಹಚ್ಚು ಅವನಿಗೆ.”

ಪ್ರೇಮವ್ವ ಫೋನ್ ಹಚ್ಚಿ, ಏನು ಹೇಳಬೇಕೋ ತಿಳಿಯದೆ, ಹಾಗೆಯೇ ಜಯವ್ವನ ಕೈಗೆ ಕೊಟ್ಟರು.

“ಚೇತನಾ, ನಾ ನಿಮ್ಮ ದೊಡ್ಡವ್ವ ಮಾತಾಡಾಕತ್ತೇನಿ.”

ಆ ಕಡೆಯಿಂದ ಏನೋ ಒಂದು ಮಾತು ಬಂತು; ಜಯವ್ವ ಕಣ್ಣು ಮುಚ್ಚಿ ತೆರೆದರು.

“ಹೂಂ, ಹೂಂ, ಅದೆಲ್ಲಾ ಆಮ್ಯಾಲ,” ಎಂದರು. “ಮೊದಲ ಮುಹೂರ್ತ ತಗದ ಅಯ್ಯನೋರನ್ನ ಕೇಳು. ದಿನಾ ಅದ ಇರ್ಲಿ, ಎಂಟೂವರಿ ಒಳಗ ಅಕ್ಕಿಕಾಳು ಬೀಳಬೇಕು. ಊಟಾ ಮಾಡಿ ನಮ್ಮ ಮಂದಿ ಹನ್ನೊಂದಕ್ಕ ಪ್ಯಾಟಿ ಮುಟ್ಟಬೇಕು. ನಾ ಹಿಂದಿನ ದಿನಾನ ಬರ್ತೇನಿ.”