ಇಪ್ಪತ್ತನಾಲ್ಕನೆಯ ಸದ್ದು

"ನಿಮ್ಮಜ್ಜ ಸುತ್ತಿಗೆ ತಗೊಂಡು ಮ್ಯೂಸಿಯಂ ಪುಡಿಪುಡಿ ಮಾಡ್ತಿದಾರೆ, ಮೇಡಂ! ತಡೆಯೋಕೆ ಹೋದ್ರೆ ನನ್ ಮೂಗಿಗೂ ಗುದ್ದಿದ್ರು!"

ಕಾವಲುಗಾರ ಲ್ಯು ಕಚೇರಿಯ ಬಾಗಿಲಲ್ಲಿ ಮೂಗು ಹಿಡಿದು ನಿಂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿದು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬೀಳುತ್ತಿತ್ತು.

"ಯಾವ ಸುತ್ತಿಗೆ?" ಶ್ವೆಲಿಂಗ್ ಮೊದಲು ಕೇಳಿದ್ದು ಅದನ್ನೇ.

"ನಿಮ್ದೇ ರೀ! ನಂಬರ್ ಅಂಟಿಸಿ ಗೋಡೆಗೆ ಒರಗಿಸಿದ್ರಲ್ಲ, ಎಂಟು ಕೇಜಿದು!"

ಅವಳು ಮ್ಯೂಸಿಯಂ ಇದ್ದ ಸುರಂಗದೊಳಗೆ ಓಡಿದಳು. ಗಡಿಯ ಕಿನ್ಮೆನ್ ದ್ವೀಪದ ಮೇಲೆ ಎದುರು ದಡದ ಶತ್ರುವಿನ ಶೆಲ್ಲುಗಳು ಬೀಳುತ್ತಿದ್ದ ಕಾಲದಲ್ಲಿ, ದೋಣಿಗಳನ್ನು ಅಡಗಿಸಲು ಸೇನೆಯ ಇಂಜಿನಿಯರ್ ದಳದವರು ಬಂಡೆ ಸಿಡಿಸಿ ಕೊರೆದ ಸುರಂಗ ಅದು. ಅವರ ಗುದ್ದಲಿ, ಡ್ರಿಲ್ಲು, ದಾಖಲೆ ಪುಸ್ತಕಗಳನ್ನೆಲ್ಲ ಮೂರು ವರ್ಷ ಮನೆಮನೆ ತಿರುಗಿ ಕೂಡಿಸಿದವಳು ಅವಳೇ. ಶನಿವಾರ ಉದ್ಘಾಟನೆ. ಅಜ್ಜ ಆ ದಳದಲ್ಲಿ ಮದ್ದು ಸಿಡಿಸುತ್ತಿದ್ದವನು. ಎಲ್ಲ ಸರಿಯಿದೆಯಾ ನೋಡಿಬಿಡು ಅಂತ ಬೆಳಿಗ್ಗೆ ಅವಳೇ ಕರೆತಂದಿದ್ದಳು.

ಮೂರನೆಯ ಪೆಟ್ಟಿಗೆಯ ಗಾಜು ನೆಲದ ತುಂಬ ಚೆಲ್ಲಿತ್ತು. ಸುತ್ತಿಗೆ ಅಡ್ಡ ಬಿದ್ದಿತ್ತು. ಎಂಬತ್ತೆರಡರ ಅಜ್ಜ ವೆಂಗ್ ಗೋಡೆಯ ಫಲಕವನ್ನು ಬರಿಗೈಯಲ್ಲಿ ಕಿತ್ತು, ಮೊಣಕಾಲಿಗೆ ಇಟ್ಟು ಮುರಿಯುತ್ತಿದ್ದ. ಅಂಗೈ ಹರಿದು ಮೊಣಕೈವರೆಗೆ ಕೆಂಪಾಗಿತ್ತು.

"ಅಜ್ಜಾ! ಬಿಡು! ಹುಚ್ಚು ಹಿಡೀತಾ ನಿಂಗೆ?"

"ಯಾರು ಬರೆದಿದ್ದು ಇದನ್ನ?"

"ನಾನೇ. ಸೇನೆಯ ವಿಚಾರಣೆ ಕಾಗದ ನೋಡ್ಕೊಂಡು."

ಫಲಕದ ಅರ್ಧ ತುಂಡು ಅವಳ ಕಾಲ ಬಳಿ ಬಿತ್ತು. 'ಕಾಯಬೇಕಾದ ಹೊತ್ತು ಕಾಯದೆ ಒಳನುಗ್ಗಿ ಸತ್ತ ಸೈನಿಕ ತುಂಗ್‌ನ ಹೆಲ್ಮೆಟ್, ೧೯೬೬.' ಹೆಲ್ಮೆಟ್ ಪೆಟ್ಟಿಗೆಯಲ್ಲೇ ಇತ್ತು. ಎಡಭಾಗ ಇರಲಿಲ್ಲ.

"ಆ ಕಾಗದದಲ್ಲಿರೋದು ನನ್ನ ಮಾತು," ಅಂದ ಅಜ್ಜ. "ಸುಳ್ಳು."

ಗಾಜಿನ ಮೇಲೇ ಕುಸಿದು ಕೂತ. ಆಮೇಲೆ ಹೇಳುತ್ತ ಹೋದ, ಅವಳ ಮುಖ ನೋಡದೆ.

ಬಂಡೆಯಲ್ಲಿ ಮದ್ದು ತುಂಬಿದ ಇಪ್ಪತ್ತನಾಲ್ಕು ಕುಳಿ, ಇಪ್ಪತ್ತನಾಲ್ಕು ಬತ್ತಿ. ಸುರಂಗದ ಬಾಯಿಯ ಎಡಕ್ಕೊಬ್ಬ ಬಲಕ್ಕೊಬ್ಬ ಕೂತು, ಒಂದು ಸದ್ದಿಗೆ ಒಂದು ಕಲ್ಲಿನಂತೆ ಮೀನಿನ ಡಬ್ಬಿಗೆ ಹಾಕಬೇಕು. ಬಾಯಲ್ಲಿ ಎಣಿಸಿದರೆ ಕಿವಿ ಗುಂಯ್‌ಗುಟ್ಟಿ ಲೆಕ್ಕ ತಪ್ಪುತ್ತಿತ್ತು. ಎರಡು ಡಬ್ಬಿಯಲ್ಲೂ ಇಪ್ಪತ್ತನಾಲ್ಕು ಕಲ್ಲು ಬಂದರೆ ಎಲ್ಲ ಕುಳಿ ಸಿಡಿದಂತೆ, ಒಳಗೆ ಹೋಗಬಹುದು. ಒಂದು ಕಮ್ಮಿ ಬಂದರೂ ಒಂದು ಗಂಟೆ ಕಾಯಬೇಕು. ಅಂದು ವೆಂಗ್‌ನ ಡಬ್ಬಿಯಲ್ಲಿ ಇಪ್ಪತ್ತನಾಲ್ಕು, ತುಂಗ್‌ನದರಲ್ಲಿ ಇಪ್ಪತ್ತಮೂರು.

"ಬಂಡೆಯೊಳಗೆ ಒಂದು ಸದ್ದು ತಿರುಗಿ ಬಂದಿತ್ತು ಕಣೇ. ಪ್ರತಿಧ್ವನಿಗೆ ಕಲ್ಲು ಹಾಕಿದೋನು ನಾನು. ಸಂಜೆ ರಜೆ ಸಿಕ್ಕಿತ್ತು, ನಿಮ್ಮಜ್ಜೀನ ನೋಡೋಕೆ ಹೋಗ್ಬೇಕಿತ್ತು. ಕಾಯೋಕೆ ಮನಸಾಗ್ಲಿಲ್ಲ. ಅವನ ಡಬ್ಬಿಗೆ ನಾನೇ ಒಂದು ಕಲ್ಲು ಎಸೆದೆ. 'ಈಗ ಸರಿಯಾಯ್ತಲ್ಲೋ, ಕಿವುಡಾ!' ಅಂದೆ. ಬೇವರ್ಸಿ, ನಕ್ಕ. ಡ್ರಿಲ್ಲು ಹೆಗಲಿಗೆ ಹಾಕ್ಕೊಂಡು ಹೋದ. ಸಿಡೀದೇ ಉಳಿದ ಕುಳಿಗೇ ಇಟ್ಟ."

ಶ್ವೆಲಿಂಗ್ ಪೆಟ್ಟಿಗೆಯಲ್ಲಿದ್ದ ಹೆಲ್ಮೆಟ್ ಕಡೆ ತಿರುಗಿದಳು.

"ಕೈ ಒಂದು ಕಡೆ ಸಿಕ್ತು. ಕೆಳದವಡೆ ಗೋಡೆಗೆ ಅಂಟಿತ್ತು, ಚಮಚದಲ್ಲಿ ಕೆರೆದೆ. ಆಮೇಲೆ ವಿಚಾರಣೆಯಲ್ಲಿ, ಬೇಡ ಅಂದ್ರೂ ಅವನೇ ನುಗ್ಗಿದ ಅಂದ್ಬಿಟ್ಟೆ."

ಸುರಂಗದ ಬಾಯಿಯ ಹುತಾತ್ಮರ ಕಲ್ಲಿನಲ್ಲಿ ಹನ್ನೊಂದು ಹೆಸರಿವೆ. ತುಂಗ್‌ನದಿಲ್ಲ. ಆಜ್ಞೆ ಮೀರಿ ಸತ್ತವನ ಹೆಸರು ಕೆತ್ತುವುದಿಲ್ಲ. ಅವನ ತಂಗಿ ಆಚ್ಯಾವ್‌ಗೆ ಊರಲ್ಲಿ 'ಆತುರಗೇಡಿಯ ತಂಗಿ' ಅಂತಲೇ ಹೆಸರು.

ಶ್ವೆಲಿಂಗ್ ಹಳೆಯ ಕಾಗದ ಎತ್ತುವ ಚಿಮಟ ತಂದು, ಅಜ್ಜನ ಅಂಗೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ಗಾಜಿನ ಚೂರುಗಳನ್ನು ಒಂದೊಂದಾಗಿ ಕಿತ್ತಳು. ಮೆಲ್ಲಗೆ ಕೀಳಲಿಲ್ಲ.

"ಮೂರು ವರ್ಷ ಕೇಳಿದ್ನಲ್ಲ ನಿನ್ನ. ಆ ಹೆಲ್ಮೆಟ್ ತಂದುಕೊಟ್ಟೋನೂ ನೀನೇ."

"ಹ್ಮ್."

"ಬಾಯಿ ಸತ್ತಿತ್ತಾ?"

ಅವಳು ಚಿಮಟ ಇನ್ನೂ ಆಳಕ್ಕೆ ಇಳಿಸಿದಳು. ಅಜ್ಜ ಹಲ್ಲು ಕಚ್ಚಿದ, ಕೈ ಎಳೆದುಕೊಳ್ಳಲಿಲ್ಲ.

"ಇವತ್ತೇ ಹೊಸ ಫಲಕ ಬರೀತೀನಿ. ನಿನ್ನ ಹೆಸರು ಹಾಕೇ ಬರೀತೀನಿ."

"ಬರಿ. ಆದ್ರೆ ಗೋಡೆಗೆ ಹಾಕೋಕೆ ಮುಂಚೆ ಆಚ್ಯಾವ್‌ಗೆ ನಾನೇ ಹೇಳ್ಬೇಕು. ಫೋನ್ ಮಾಡು."

ಸ್ಪೀಕರ್‌ನಲ್ಲಿ ಸಿಂಪಿಯ ಚಿಪ್ಪು ಒಡೆಯುವ ಟಕ್ ಟಕ್ ಕೇಳಿಸಿತು.

"ಅಜ್ಜೀ, ನಾನು ವೆಂಗ್ ಮೊಮ್ಮಗಳು..."

"ಯಾರು, ವೆಂಗಾ? ಇನ್ನೂ ಸತ್ತಿಲ್ವಾ ಅದು?"

"ನಿಮ್ಮಣ್ಣನ ವಿಷಯ ಮಾತಾಡ್ಬೇಕಂತೆ ಅಜ್ಜಿ. ಕಾಯದೇ ಇದ್ದೋರು ನಿಮ್ಮಣ್ಣ ಅಲ್ವಂತೆ."

ಟಕ್ ಟಕ್ ನಿಂತಿತು. ದೂರದಲ್ಲಿ ಕಾವಲುಗಾರ ಲ್ಯು ಮೂಗು ಸೀಟಿ ಉಗಿದ.

"ಐವತ್ತೆಂಟು ವರ್ಷ," ಅಂದಿತು ಮುದುಕಿಯ ದನಿ. "ನಾಳೆ ಬೆಳಿಗ್ಗೆ ಆರೂವರೆಗೆ ಸಮುದ್ರದ ನೀರಿಳಿಯತ್ತೆ. ನನ್ನ ಸಿಂಪಿ ಬೆಳೆಯೋ ಕಲ್ಲುಕಂಬಗಳ ಹತ್ರ ಇರ್ತೀನಿ. ಒಬ್ನೇ ಬರ್ಲಿ. ಚಿಪ್ಪು ಸೀಳೋ ಉಳಿ ಕೈಯಲ್ಲೇ ಇರತ್ತೆ ಅಂತ ಈಗ್ಲೇ ಹೇಳ್ಬಿಡು."

ಅಜ್ಜ ಫೋನಿನ ಹತ್ತಿರ ಬಾಗಿದ.

"ಆರೂವರೆ. ಬರ್ತೀನಿ."

ಆಕೆ ಫೋನ್ ಇಡಲಿಲ್ಲ. ಆ ಕಡೆ ಚಿಪ್ಪು ಒಡೆಯುವ ಸದ್ದು ಮತ್ತೆ ಶುರುವಾಯಿತು.