ಏಕಸಂಬಿಯ ಡಬ್ಬಿ

"ಅತ್ಯಾ, ಇಂಗ್ಲಿಷಿನ್ಯಾಗ ಮತ್ತ ತಪ್ಪಿದಿ. ನೀ ಇಸ್ಕೊಂಡ್ರ ಬಾರೋ, ನೀ ಕೊಟ್ರ ಲೆಂಡ್."

ಶುಭಾಂಗಿಯ ಅಣ್ಣನ ಮಗಳು ಮಯೂರಿ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಶುಭಾಂಗಿ ಜೋಳದ ಹಿಟ್ಟು ನಾದುತ್ತಿದ್ದಳು. ಕಾಗವಾಡದ ಒಂದು ಇಂಗ್ಲಿಷ್ ಬಾಲವಾಡಿಗೆ ಟೀಚರ್ ಬೇಕಾಗಿದ್ದರು. ಸೋಮವಾರ ಹೋಗಿ ಒಂದು ಪಾಠ ಮಾಡಿ ತೋರಿಸಬೇಕು. ಅರ್ಜಿ ಹಾಕಿದ್ದು ಅಣ್ಣ ಪಾರಿಸ. ಶುಭಾಂಗಿ ಬೇಡವೆಂದಿರಲಿಲ್ಲ, ಹೋಗುತ್ತೇನೆಂದೂ ಹೇಳಿರಲಿಲ್ಲ.

"ಎರಡಕ್ಕೂ ನಾವು ಕಡ ಅಂತೀವಲ್ಲ ಮಯೂರಿ."

"ಅದಕ್ಕ ಎಲ್ಲಾರೂ ಅಲ್ಲೇ ಬೀಳ್ತಾರ. ನಮ್ಮ ಕಾಲೇಜಿನ್ಯಾಗ ಒಬ್ಬಾಕಿ ದಿನಾ 'ಬಾರೋ ಮಿ ಯುವರ್ ಪೆನ್' ಅಂತಾಳ. ಪೆನ್ನೂ ತಿರುಗಿ ಕೊಡಂಗಿಲ್ಲ. ಮನಿ ಸಾಮಾನ ಹಿಡದು ಹೇಳು, ನೆನಪ ಉಳೀತೈತಿ."

ಶುಭಾಂಗಿ ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯ ಕಡೆ ನೋಡಿದಳು. "ಅತ್ತಿಯಾರು ನನಗ ಡಬ್ಬಿ ಲೆಂಡ್ ಮಾಡ್ಯಾರ. ನಾ ಅವರ ಡಬ್ಬಿ ಬಾರೋ ಮಾಡೀನಿ."

"ಶಾಬ್ಬಾಸ್!"

ಒಲೆಯ ಹತ್ತಿರವಿದ್ದ ಅತ್ತಿಗೆ ಅಕ್ಕುತಾಯಿ ಡಬ್ಬಿಯ ಕಡೆ ಒಮ್ಮೆ ನೋಡಿ, ಉರಿ ಸರಿಮಾಡಿದಳು.

ಶುಭಾಂಗಿಯ ಗಂಡ, ಉತ್ತಮ ಅಂತ ಹೆಸರು, ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ನೌಕರ. ಹೋದ ವರ್ಷ ತೀರಿಕೊಂಡ. ಮಕ್ಕಳಿರಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಅವಳು ಏಕಸಂಬಿಗೆ, ಅತ್ತೆ ಲಕ್ಷ್ಮಿಬಾಯಿ ಮತ್ತು ಮೈದುನ ಸನ್ಮತಿ ಇದ್ದ ಮನೆಗೆ ಹೋದಳು. ವರ್ಷ ತುಂಬಿದ ಮೇಲೆ ಅತ್ತೆ, "ನಾಕ ದಿನ ಜುಗೂಳಕ್ಕ ಹೋಗಿ ಬಾರವಾ, ಜೀವ ಹಗರಾಗತೈತಿ" ಎಂದು, ಶೇಂಗಾ ಉಂಡಿ ತುಂಬಿದ ಡಬ್ಬಿಯೊಂದನ್ನು ಅವಳ ಚೀಲದಲ್ಲಿಟ್ಟರು. ತವರು ಜುಗೂಳಕ್ಕೆ ಬರುವಾಗ ದಾರಿಯುದ್ದಕ್ಕೂ ಆ ಡಬ್ಬಿಯೇ ಅವಳಿಗೆ ಧೈರ್ಯ. ಈ ಕಡೆ ಯಾರೂ ಇನ್ನೊಬ್ಬರ ಮನೆಯ ಪಾತ್ರೆಯನ್ನು ಇಟ್ಟುಕೊಳ್ಳುವುದಿಲ್ಲ. ತಿರುಗಿ ಕೊಡುವಾಗ ಖಾಲಿಯೂ ಕೊಡುವುದಿಲ್ಲ, ಒಂದು ತುಣುಕು ಬೆಲ್ಲವಾದರೂ ಹಾಕುತ್ತಾರೆ. ಡಬ್ಬಿ ಹೋಗಲೇಬೇಕು. ಅದನ್ನು ಒಯ್ಯುವವಳೂ ಹೋಗಲೇಬೇಕು.

ನಾಲ್ಕು ದಿನ ಹೋಗಿ ತಿಂಗಳಾಯಿತು, ಕಬ್ಬಿನ ಹಂಗಾಮು ಶುರುವಾಯಿತು. ಏಕಸಂಬಿಯಿಂದ ಕರೆ ಬರಲಿಲ್ಲ. ತಾನೇ ಫೋನ್ ಮಾಡಿದರೆ ಸನ್ಮತಿ, "ಅವ್ವ ಮಲಗ್ಯಾಳ್ರಿ ವೈನಿ" ಅನ್ನುತ್ತಿದ್ದ. ಅವಳು ಉಂಡಿಗಳನ್ನು ಮುಗಿಸದೆ ಉಳಿಸಿಕೊಂಡಿದ್ದಳು.

ಆ ಸಂಜೆ ಹೊತ್ತು ಮುಳುಗುವುದರೊಳಗೆ ಎಲ್ಲರ ಊಟವಾಯಿತು. ಶುಭಾಂಗಿ ಡಬ್ಬಿಯನ್ನು ಇಳಿಸಿಕೊಂಡು ಅಕ್ಕುತಾಯಿಗೆ ಹೇಳಿದಳು.

"ವೈನಿ, ನಾಳೆ ನಾನs ಏಕಸಂಬಿಗೆ ಹೋಗಿ ಬರ್ತೀನ್ರಿ. ಅವರಿಗೂ ಸಂಕೋಚ ಇರಬೇಕು, ತಾವಾಗಿ ಹೆಂಗ ಕರೀತಾರ? ಎಳ್ಳುಂಡಿ ಮಾಡಿ ತುಂಬಿಕೊಂಡು ಹೋದ್ರಾತು."

"ಮತ್ತ ಸೋಮವಾರದ ಪಾಠ?"

"ಅಲ್ಲೇ ಇರಾಕಿಗೆ ನೌಕರಿ ಯಾಕ್ರಿ?"

ಉಳಿದ ಉಂಡಿಗಳನ್ನು ತಾಟಿಗೆ ಹಾಕಿ, ಹಿತ್ತಲಿನ ನಳದ ಕೆಳಗೆ ಬೂದಿ ಹಚ್ಚಿ ಡಬ್ಬಿ ತಿಕ್ಕತೊಡಗಿದಳು. ಬೋರಲು ಹಾಕಿದಾಗ ತಳದಲ್ಲಿ ಬೆರಳಿಗೆ ಏನೋ ತರಿತರಿ ತಾಕಿತು. ನೀರು ಸುರಿದಳು. ಚುಕ್ಕೆಚುಕ್ಕೆಯಾಗಿ ಕೊರೆದ ಮರಾಠಿ ಅಕ್ಷರ. ಅವಳದೇ ಹೆಸರು, ಕೆಳಗೆ ಅಪ್ಪನ ಹೆಸರು, ಜುಗೂಳ.

ಮದುವೆಯಲ್ಲಿ ಕೊಡಲೆಂದು ಅಪ್ಪ ನಿಪ್ಪಾಣಿಯ ಭಾಂಡೆ-ಪಾತ್ರೆಯ ಅಂಗಡಿಯಲ್ಲಿ ನಿಂತು ಕೊರೆಸಿದ್ದು. ಇಷ್ಟು ವರ್ಷ ಅತ್ತೆಯ ಅಡುಗೆಮನೆಯ ಹಲಗೆಯ ಮೇಲೆ ಬೇಳೆ ತುಂಬಿಕೊಂಡು ಕುಳಿತಿದ್ದ ಡಬ್ಬಿಯ ತಳವನ್ನು ಯಾರು ನೋಡುತ್ತಾರೆ? ಅವರು ಅವಳದನ್ನು ಅವಳಿಗೆ ಕೊಟ್ಟು ಕಳಿಸಿದ್ದರು. ಖಾಲಿ ಕೊಟ್ಟಿರಲಿಲ್ಲ. ಅವಳು ತಿರುಗಿ ಒಯ್ಯಬೇಕಾದ್ದು ಏನೂ ಇರಲಿಲ್ಲ. ಲಕ್ಷ್ಮಿಬಾಯಿ ರೀತಿ ರಿವಾಜು ಬಿಟ್ಟವರಲ್ಲ.

ನಳ ಸುರಿಯುತ್ತಲೇ ಇತ್ತು. ಅಕ್ಕುತಾಯಿ ಬಂದು ನಿಲ್ಲಿಸಿದಳು.

"ನನಗ ನೀ ಬಂದ ದಿನಾನs ಈ ಹೆಸರ ಕಂಡಿತ್ತ ಶುಭಾ. ನಿಮ್ಮಣ್ಣಗೂ ಹೇಳಿದೆ. ನಿನಗ ಹೆಂಗ ಹೇಳ್ಲಿ?"

ಅಣ್ಣ ಅರ್ಜಿ ಹಾಕಿದ್ದು ಯಾಕೆಂದು ಶುಭಾಂಗಿಗೆ ಆಗ ತಿಳಿಯಿತು. ಅವಳು ಡಬ್ಬಿಯನ್ನು ಸೆರಗಿನಿಂದ ಒರೆಸಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಏಕಸಂಬಿಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಎರಡು ಜೋಳದ ಭಕ್ಕರಿ, ಶೇಂಗಾ ಚಟ್ನಿಪುಡಿ ಅದೇ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಬಸ್ಸಿನ ತನಕ ಮಯೂರಿ ಬಂದಳು.

"ಅತ್ಯಾ, ಲಾಸ್ಟ್ ಸಲ. ಬಾರೋ ಅಂದ್ರ?"

"ಇಸ್ಕೊಳ್ಳೂದು. ತಿರುಗಿ ಕೊಡಬೇಕು."

"ಲೆಂಡ್?"

"ಕೊಡೂದು. ತಿರುಗಿ ಬರತೈತಿ ಅಂತ."

"ಎಗ್ಸಾಂಪಲ್ ಕೇಳಿದ್ರ ಏನ್ ಹೇಳ್ತಿ? ಡಬ್ಬೀದು ಹೇಳು, ಭಾಳ ಚಲೋ ಐತಿ."

ಬಸ್ಸು ಬಂತು. ಶುಭಾಂಗಿ ಚೀಲವನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದಳು.

"ಪೆನ್ನಿಂದು ಹೇಳ್ತೀನಿ," ಅಂದಳು.